ಕೆಂಪು ದಿಣ್ಣೆಗೆ ಮುಂದಿನ ಗಾಡಿ ನನ್ನದು

ಕುವೈತಿನಲ್ಲಿ ಗುಡ್ಡ ಇದೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಮರಳು, ಎಣ್ಣೆ, ಎಸಿ, ಇಷ್ಟೇ ಅವರಿಗೆ ಗೊತ್ತು. ನಾನು ಬಾದಾಮಿ ಕಡೆಯ ಕೆಂಪು ಬಂಡೆಗಳ ನಡುವೆ ಹುಟ್ಟಿ ಬೆಳೆದವಳು. ಯಾವುದು ಗುಡ್ಡ, ಯಾವುದು ಮಣ್ಣಿನ ಗುಂಪೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಹ್ರಾ ಊರು ದಾಟಿ ಉತ್ತರಕ್ಕೆ ಹೋದರೆ ಮುತ್ಲಾ ಎಂಬಲ್ಲಿ ನೆಲ ಇದ್ದಕ್ಕಿದ್ದ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಕೊಲ್ಲಿಯ ಗುಂಟ ಮೈಲುಗಟ್ಟಲೆ ಒಂದು ದಿಣ್ಣೆ, ಅದರ ಮೈತುಂಬ ಪದರ ಪದರ ಕಲ್ಲು. ಮಧ್ಯಾಹ್ನ ನೋಡಿದರೆ ಖಡಕ್ ರೊಟ್ಟಿಯ ಬಣ್ಣ. ಹೊತ್ತು ಇಳಿಯುವಾಗ ನೋಡಬೇಕು, ಆಗ ಅದು ಕೆಂಪಾಗುತ್ತದೆ. ನಮ್ಮ ಬಾದಾಮಿಯ ಬಂಡೆಗಳ ಎದುರು ಅದು ಮೊಮ್ಮಗುವಿನಷ್ಟು, ಒಪ್ಪುತ್ತೇನೆ. ಆದರೂ ಕಲ್ಲು ಕಲ್ಲೇ. ಆ ದಿಣ್ಣೆಯ ಬುಡಕ್ಕೆ, ಡಾಂಬರಿಲ್ಲದ ದಾರಿಯಲ್ಲಿ, ಆರು ಗಾಡಿಗಳನ್ನು ನಾನು ಮುಂದೆ ನಿಂತು ನಡೆಸಿಕೊಂಡು ಹೋದೆ. ಹೇಳಿಕೊಳ್ಳಬೇಕಾದ ಸಂಗತಿ ಎಂದೇ ಹೇಳುತ್ತಿದ್ದೇನೆ.

ಎರಡು ಸಾವಿರನೇ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ವಿಜಾಪುರ, ಬಾಗಲಕೋಟೆ, ಗದಗ ಕಡೆಯ ಹತ್ತಾರು ಮನೆಯವರು ನಾವು ಅಲ್ಲಿ ಇದ್ದೆವು. ನನ್ನ ಗಂಡ ಅರ್ದಿಯಾ ಎಂಬಲ್ಲಿ ಒಂದು ವರ್ಕ್‌ಶಾಪಿನಲ್ಲಿ ಪಂಪುಗಳನ್ನು ರಿಪೇರಿ ಮಾಡಿಸುವ ಕೆಲಸದಲ್ಲಿದ್ದರು. ಮಗಳು ಏಳನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ನಾನು ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ನಮ್ಮೆಲ್ಲರಿಗೂ ಹಿರಿಯರು ಒಬ್ಬ ಎಂಜಿನಿಯರ್. ಯಾರಿಗೂ ಸಂಬಂಧಿಕರಲ್ಲ, ಆದರೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಹಬ್ಬ ಎಲ್ಲಿ, ಊಟ ಎಲ್ಲಿ, ಯಾರ ಗಾಡಿಯಲ್ಲಿ ಯಾರು ಎಂಬುದನ್ನೆಲ್ಲ ಕಾಕಾ ತೀರ್ಮಾನಿಸುವುದು, ನಾವು ಹೂಂ ಎನ್ನುವುದು. ಒಳ್ಳೆಯ ಮನುಷ್ಯರೇ. ಆದರೆ ತಮ್ಮ ಮಾತಿಗೆ ಎದುರು ಮಾತು ಬಂದರೆ ಅವರ ಕಿವಿ ಮಂದವಾಗುತ್ತಿತ್ತು.

ನಮ್ಮ ಕಡೆ ಚಳಿಗಾಲದಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ, ನಮ್ಮ ಬಾಯಲ್ಲಿ ಎಳ್ಳಮಾಸಿ. ಆ ಹೊತ್ತಿಗೆ ಹೊಲದಲ್ಲಿ ಜೋಳ ಎದೆಯುದ್ದ ನಿಂತಿರುತ್ತದೆ. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಬಡಿಸುವ ಹಾಗೆ, ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಆಮೇಲೆ ಹೊಲದಲ್ಲೇ ಕೂತು ಎಲ್ಲರೂ ಊಟ. ಹೊಲಕ್ಕೆ ಹೋಗುವುದು ಎತ್ತಿನ ಗಾಡಿಯಲ್ಲಿ. ಗಂಡಸರು ಮುಂದೆ ಕೂತು ಗಾಡಿ ಹೊಡೆಯುತ್ತಾರೆ, ಹೆಂಗಸರು ಬುತ್ತಿಯ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂರುತ್ತಾರೆ. ಹಿಂದೆ ಕೂತವರಿಗೆ ಕಾಣುವುದು ಹಾದುಬಂದ ದಾರಿ ಮಾತ್ರ. ಚಿಕ್ಕವಳಿದ್ದಾಗಲೇ ನನಗೆ ಇದು ಸರಿಬರುತ್ತಿರಲಿಲ್ಲ. ಕತ್ತು ತಿರುಗಿಸಿ ಮುಂದೆ ನೋಡಿ ನೋಡಿ ವಾಂತಿ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆ.

ಕುವೈತಿನಲ್ಲಿಯೂ ಈ ಹಬ್ಬ ಬಿಟ್ಟಿರಲಿಲ್ಲ. ಅಮಾವಾಸ್ಯೆಯ ಹತ್ತಿರದ ಶುಕ್ರವಾರ ದಕ್ಷಿಣದ ವಫ್ರಾಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಂದು ತೋಟದವರು, ಸೌತೆ, ಟೊಮೆಟೊ ಬೆಳೆಯುವ ಗ್ರೀನ್‌ಹೌಸುಗಳ ಮಗ್ಗುಲಲ್ಲಿ ನಮಗೆ ಜಾಗ ಕೊಡುತ್ತಿದ್ದರು. ಆ ವರ್ಷ ತೋಟ ಕೈ ಬದಲಾಯಿತು. ಹೊಸಬರು ಹೊರಗಿನವರನ್ನು ಒಳಗೆ ಬಿಡಲು ಒಪ್ಪಲಿಲ್ಲ. ಕಾಕಾ ಮನೆಯಲ್ಲಿ ಮೀಟಿಂಗು ಸೇರಿತು. ಊರ ನಡುವಿನ ಪಾರ್ಕಿಗೆ ಹೋಗೋಣ ಎಂದು ಕಾಕಾ ಹೇಳಿಯೂ ಆಗಿತ್ತು. ಸಿಮೆಂಟಿನ ಬೆಂಚು, ಕಸದ ಡಬ್ಬಿ, ಹುಲ್ಲಿನ ಮೇಲೆ ಕಾಲಿಟ್ಟರೆ ಸೀಟಿ ಊದುವ ವಾಚ್‌ಮನ್. ಚರಗ ಚೆಲ್ಲಿದರೆ ಅವನೇ ಪೊರಕೆ ಹಿಡಿದು ಗುಡಿಸಿಯಾನು. ನನಗೆ ತಡೆಯಲಿಲ್ಲ.

"ಕಾಕಾ, ಮುತ್ಲಾ ದಿಣ್ಣಿಗೆ ಹೋಗೂಣು. ದಾರಿ ನಾ ತೋರಸ್ತೀನಿ. ಮುಂದಿನ ಗಾಡಿ ನಾ ಹೊಡೀತೀನಿ," ಎಂದೆ.

ಕೋಣೆಯಲ್ಲಿದ್ದ ಗಂಡಸರೆಲ್ಲ ನನ್ನ ಗಂಡನ ಮುಖ ನೋಡಿದರು. ಅವರು ಚಹಾದ ಕಪ್ಪಿನೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಿದ್ದರು.

"ಅಲ್ಲವಾ ತಂಗಿ," ಎಂದರು ಕಾಕಾ, "ಬೆಳಿ ಇಲ್ಲದ ಮಡ್ಡಿಗೆ ಚರಗ ಯಾರರೇ ಚೆಲ್ತಾರೇನು? ಮತ್ತ ಗಾಡಿ ಮುಂದ ಹೊಡ್ಯೂದು ಅಂದ್ರ ಮನಿ ಮುಂದ ತರಕಾರಿ ತಂದಂಗ ಅಲ್ಲ. ಮರಳಾಗ ಹೂತ್ರ ಏನ್ ಮಾಡ್ತಿ?"

"ಹೂಳೂದಿಲ್ಲ."

"ಹೂತ್ರ?"

"ಒಂದ ಒಂದು ಗಾಡಿ ಹೂತ್ರೂ ಮುಂದಿನ ವರ್ಷದಿಂದ ನೀವು ಹೇಳಿದ ಪಾರ್ಕು. ನಾ ಬಾಯಿ ತಗಿಯಾಕಿಲ್ಲ."

ಬಾಯಿಂದ ಬಂದುಬಿಟ್ಟಿತು. ನನ್ನ ಸಿಟ್ಟು ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ಕಾಕಾ ನಕ್ಕು, "ಆತು, ಖಲಾಸ್, ಮಾತು ಮಾತ," ಎಂದರು. ಒಳಗಿನಿಂದ ಚುರುಮುರಿಯ ತಟ್ಟೆ ತಂದ ಕಾಕು ಎಲ್ಲಕ್ಕಿಂತ ದೊಡ್ಡ ತಟ್ಟೆಯನ್ನು ನನ್ನ ಮುಂದೆ ಇಟ್ಟು ಹೋದರು.

ನನಗೆ ಲೈಸೆನ್ಸ್ ಬಂದು ಒಂದು ವರ್ಷವಾಗಿತ್ತು. ಅದನ್ನು ಸುಮ್ಮನೆ ಯಾರೂ ಕೊಟ್ಟಿರಲಿಲ್ಲ. ಕುವೈತಿನ ಡ್ರೈವಿಂಗ್ ಟೆಸ್ಟಿನಲ್ಲಿ ಪೊಲೀಸ್ ಸಾಹೇಬರು ಪಕ್ಕದಲ್ಲಿ ಕೂತು "ಯಲ್ಲಾ" ಎನ್ನುತ್ತಾರೆ, ನಾಲ್ಕು ಮಾರು ಹೋಗುವಷ್ಟರಲ್ಲಿ "ಖಲಾಸ್" ಎಂದು ಇಳಿಸಿಬಿಡುತ್ತಾರೆ. ಎರಡು ಸಲ ನಾನು ಹಾಗೆ ಇಳಿದು ಬಂದೆ. ಮೂರನೆಯ ಸಲ ಪಾಸು ಎಂದು ಬರೆದುಕೊಟ್ಟು ಅವರೇ ಇಳಿದುಹೋದರು, ನಾನು ಸ್ಟೇರಿಂಗ್ ಹಿಡಿದುಕೊಂಡೇ ಅತ್ತೆ. ನಮ್ಮದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ, ನಾಲ್ಕನೆಯ ಕೈ. ಬಾಗಿಲು ಹಾಕಿದರೆ ಇಡೀ ಬಿಲ್ಡಿಂಗಿಗೆ ಕೇಳಿಸುತ್ತಿತ್ತು. ಎಂಜಿನ್ ಮಾತ್ರ ಗಟ್ಟಿ, ನನ್ನ ಗಂಡ ರಜೆಯ ದಿನಗಳಲ್ಲಿ ತಮ್ಮ ಕೈಯಾರೆ ಬಿಚ್ಚಿ ಜೋಡಿಸಿದ್ದು.

ಮಾತು ಕೊಟ್ಟು ಬಂದ ಮೇಲೆ ಹಬ್ಬಕ್ಕೆ ಮುಂಚಿನ ಶುಕ್ರವಾರಗಳೆಲ್ಲ ದಾರಿ ಹುಡುಕುವುದರಲ್ಲೇ ಹೋದವು. ಕುವೈತಿನಲ್ಲಿ ಗುಡ್ಡ ನೋಡಿ ಸೀದಾ ಅದರ ಕಡೆ ಗಾಡಿ ತಿರುಗಿಸುವಂತಿಲ್ಲ. ತೊಂಬತ್ತೊಂದರ ಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಸಿಡಿಯದೆ ಉಳಿದ ಮದ್ದುಗುಂಡು ಮರಳಿನಲ್ಲಿ ಇನ್ನೂ ಇರಬಹುದೆಂಬ ಭಯ ಎಲ್ಲರಿಗೂ ಇತ್ತು. ಹಾಗಾಗಿ ನನ್ನ ಮೊದಲ ನಿಯಮ: ಬೇರೆಯವರ ಗಾಲಿ ಗುರುತು ಇಲ್ಲದ ಕಡೆ ನಮ್ಮ ಗಾಲಿ ಇಲ್ಲ. ಮಗಳಿಗೂ ಹೇಳಿದ್ದೆ, ಬಣ್ಣದ್ದೇನಾದರೂ ಕಂಡರೆ ಮುಟ್ಟಬೇಡ, ಕಾಲಿನಿಂದಲೂ ಒದೆಯಬೇಡ ಎಂದು. ಅವಳು ಹಿಂದಿನ ಸೀಟಿನಲ್ಲಿ ಮಲಗಿ, "ಮಮ್ಮಿ, ದೇರ್ ಈಸ್ ನಥಿಂಗ್ ಹಿಯರ್ ಟು ಟಚ್," ಎನ್ನುತ್ತಿದ್ದಳು.

ಡಾಂಬರು ರಸ್ತೆ ಎಲ್ಲಿ ಬಿಡಬೇಕು ಎಂಬುದರಿಂದ ಹಿಡಿದು ಹೆಂಗಸರಿಗೆ ಮರೆ ಎಲ್ಲಿ ಎಂಬುದರವರೆಗೆ ನಾನೇ ನೋಡಿದೆ. ಗಂಡಸರು ಮಾಡುವ ಯಾವ ಪ್ಲಾನಿನಲ್ಲಿಯೂ ಈ ಎರಡನೆಯದು ಇರುವುದಿಲ್ಲ. ನಾಲ್ಕು ಬಿದಿರು ಗಳ, ಎರಡು ದಪ್ಪನೆಯ ಹೊದಿಕೆ, ಆಯಿತು ಮರೆ. ಅಲ್ಲಿ ಗಾಳಿ ಉತ್ತರದಿಂದ ಬೀಸುತ್ತದೆ, ಆದ್ದರಿಂದ ಊಟಕ್ಕೆ ದಿಣ್ಣೆಯ ದಕ್ಷಿಣದ ಮಗ್ಗುಲೇ ಬೇಕು. ಇಲ್ಲದಿದ್ದರೆ ಹೋಳಿಗೆಯ ಹೂರಣಕ್ಕಿಂತ ಹಲ್ಲಿಗೆ ಮರಳೇ ಹೆಚ್ಚು ಸಿಗುತ್ತದೆ. ಮರಳು ಬಂದಾಗ ಗಾಲಿಯ ಗಾಳಿ ಸ್ವಲ್ಪ ಇಳಿಸಬೇಕು, ಕಲ್ಲು ಬಂದಾಗ ಮತ್ತೆ ತುಂಬಬೇಕು. ಅದಕ್ಕೆ ಸಿಗರೇಟು ಹಚ್ಚುವ ಪ್ಲಗ್ಗಿಗೆ ಸಿಕ್ಕಿಸುವ ಒಂದು ಚಿಕ್ಕ ಪಂಪು. ನನ್ನ ಗಂಡ ನಾನು ಹೇಳಿದ್ದಕ್ಕೆಲ್ಲ ಹೂಂ ಎಂದು ಪಂಪು ಒತ್ತುತ್ತಿದ್ದರು. ಒಮ್ಮೆ ಮಾತ್ರ, "ಲಗ್ನದಾಗೂ ನೀ ಇಷ್ಟು ತಯಾರಿ ಮಾಡಿರಲಿಲ್ಲ," ಎಂದರು.

ಇಬ್ಬರಿಗೂ ಪಾಠವಾದದ್ದು ದಿಣ್ಣೆಯ ಬುಡದಲ್ಲಿ. ರಸ್ತೆಯಿಂದ ದಿಣ್ಣೆಗೆ ಹೋಗಲು ಎರಡು ದಾರಿ ಕಾಣುತ್ತಿತ್ತು. ಒಂದು ಬಲಕ್ಕೆ ಸುತ್ತಿ, ಕಲ್ಲುಕಲ್ಲಾದ ಏರಿನ ಮೇಲೆ ಕುಲುಕುತ್ತ ಹೋಗುವುದು. ಇನ್ನೊಂದು ನೇರ, ಕೊಲ್ಲಿಯ ಕಡೆಯ ಬಯಲಿನ ಮೇಲೆ ಹಾದು ಹೋಗುವುದು. ಬಯಲೆಂದರೆ ಚಪಾತಿ ಲಟ್ಟಿಸುವ ಮಣೆಯಷ್ಟು ಸಪಾಟು. ಮೇಲೆಲ್ಲ ಬಿರುಕು. ಅದರ ಮೇಲೆ ಯಾರದೋ ಗಾಲಿಯ ಹಳೆಯ ಗುರುತೂ ಇತ್ತು.

ನನ್ನ ಗಂಡನ ಊರು ಎರೆ ಸೀಮೆ. ಕರಿ ಮಣ್ಣಿನ ಆ ನಾಡಿನಲ್ಲಿ ಮಳೆ ಬಿದ್ದರೆ ಗಾಡಿ ಅಚ್ಚಿನವರೆಗೆ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಬಿರಿಯಿತೆಂದರೆ ಅದೇ ಮಣ್ಣು ಕಲ್ಲಾಗುತ್ತದೆ. ಬಿರುಕು ಕಂಡರೆ ಒಣಗಿದೆ, ಹೊಡಿ ಗಾಡಿ ಎನ್ನುವುದು ಎರೆ ಸೀಮೆಯವರ ರಕ್ತದಲ್ಲೇ ಇದೆ. "ನೋಡು, ಹೆಂಗ ಒಡದೈತಿ. ಇದರ ಮ್ಯಾಲೆ ಲಾರಿ ಹೋಗತೈತಿ," ಎಂದು ಅವರು ಇಳಿದು ಮುಂದೆ ನಡೆದರು. ನಾನು ಕಲ್ಲಿನ ಊರಿನವಳು. ಕಲ್ಲು ಕಂಡರೆ ನನಗೆ ಧೈರ್ಯ, ಸಪಾಟು ಕಂಡರೆ ಅನುಮಾನ. ಗಾಡಿ ಬಿಟ್ಟು ಇಳಿಯಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ಒಂದು ಕಾಲು ಪಾದ ಮುಚ್ಚುವವರೆಗೆ ಇಳಿಯಿತು. ಎಳೆದುಕೊಂಡರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಮೇಲೆ ಬಿಳಿ ಉಪ್ಪಿನ ಪದರ, ಕೆಳಗೆ ಕರಿ ರಾಡಿ.

ಪಕ್ಕದಲ್ಲೇ ಡೇರೆ ಹಾಕಿಕೊಂಡಿದ್ದ ಕುವೈತಿ ಮನೆಯವರು ಇದನ್ನೆಲ್ಲ ನೋಡುತ್ತಿದ್ದರು. ಚಳಿಗಾಲ ಬಂತೆಂದರೆ ಅವರೆಲ್ಲ ಮನೆ ಬಿಟ್ಟು ಮರುಭೂಮಿಯಲ್ಲಿ ಡೇರೆ ಹಾಕಿ ಇರುತ್ತಾರೆ. ಒಬ್ಬ ಅಜ್ಜಿ ನಗುತ್ತ ಬಂದು, ಬಾಟಲಿಯಿಂದ ಇವರ ಕಾಲಿಗೆ ನೀರು ಸುರಿದು, ಆ ಬಯಲಿನ ಕಡೆ ಬೆರಳು ತೋರಿಸಿ, "ಸಬ್ಖಾ, ಸಬ್ಖಾ," ಎಂದರು. ಉಪ್ಪಿನ ಜವುಗು ನೆಲಕ್ಕೆ ಅವರ ಹೆಸರು ಅದು. ಆಮೇಲೆ ಕಲ್ಲಿನ ಏರನ್ನು ತೋರಿಸಿ ತಲೆ ಆಡಿಸಿದರು. ನಾನು ಡ್ರೈವರ್ ಸೀಟಿನಲ್ಲಿ ಇದ್ದುದನ್ನು ಕಂಡು ನನ್ನ ಕೆನ್ನೆ ಚಿವುಟಿ ಏನೋ ಅಂದರು. ಅರಬ್ಬಿ ನನಗೆ ಅಷ್ಟು ಬರುತ್ತಿರಲಿಲ್ಲ, ಆದರೆ ಹೊಗಳಿದ್ದೆಂದು ತಿಳಿಯದಷ್ಟು ದಡ್ಡಿಯೂ ಅಲ್ಲ.

ಅಲ್ಲಿಗೆ ದಾರಿ ಗೊತ್ತಾಯಿತು. ಬಯಲು ಬೇಡ, ಕಲ್ಲಿನ ಏರು. ಮತ್ತೆ ಎರಡು ಸಲ ಹೋಗಿ ಅದೇ ಏರಿನಲ್ಲಿ ಗಾಡಿ ಹತ್ತಿಸಿ ಇಳಿಸಿ ಕೈ ಪಳಗಿಸಿಕೊಂಡೆ.

ಹಬ್ಬಕ್ಕೆ ಒಂದು ವಾರ ಮುಂಚೆ ಮಳೆ ಬಂತು. ಕುವೈತಿನ ಮಳೆ ಬಂದ ಹಾಗೆ ಬಂದು ಹೋಗುತ್ತದೆ, ಆದರೆ ಬಂದಾಗ ಬೀದಿಯೆಲ್ಲ ಕೆರೆ. ಆಮೇಲೆ ಒಳ್ಳೆಯ ಬಿಸಿಲು ಬಿದ್ದು ಎಲ್ಲ ಒಣಗಿತು. ಹಿಂದಿನ ದಿನ ಪ್ರತಿ ಮನೆಗೂ ಫೋನು ಮಾಡಿ ಒಂದೇ ಮಾತು ಹೇಳಿದೆ: "ನನ್ನ ಗಾಲಿ ಗುರುತಿನ ಮ್ಯಾಲೇ ಬರ್ರಿ. ಬಯಲು ಕಂಡ್ರ ಅದರಾಗ ಇಳೀಬ್ಯಾಡ್ರಿ." ಕಾಕಾ ಮನೆಗೂ ಹೇಳಿದೆ. "ಹೂಂ, ಹೂಂ," ಎಂದರು, ಟಿವಿಯ ಸದ್ದಿನ ನಡುವೆ.

ಶುಕ್ರವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಕೆಳಗೆ ಆರು ಗಾಡಿ ಸೇರಿದವು. ಸಣ್ಣ ಕಾರಿನವರು ಅವನ್ನು ಅಲ್ಲೇ ಬಿಟ್ಟು ದೊಡ್ಡ ಗಾಡಿಗಳಲ್ಲಿ ಹಂಚಿಕೊಂಡು ಕೂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಕಟ್ಟುಗಳು, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿ ಪಲ್ಯ, ಮಡಿಕೆ ಕಾಳು, ಗಡಿಗೆ ಬದಲು ಸ್ಟೀಲ್ ಡಬ್ಬಿಯಲ್ಲಿ ಕೆನೆ ಮೊಸರು. ಕಾಕು ಊರಿನಿಂದ ತರಿಸಿದ ನವಲಗುಂದದ ಹೊಸ ಜಮಖಾನ ಹೊತ್ತು ಬಂದಿದ್ದರು. ಕಾಕಾ ಗಾಡಿಯೂ ಹೊಸದು, ಗಾಜಿನ ಹಾಗೆ ಹೊಳೆಯುತ್ತಿತ್ತು. ನನ್ನ ಹಿಂದೆ ಎರಡನೆಯವರಾಗಿ ಅವರೇ ನಿಂತರು. ನಾನು ಹೊರಟೆ. ಜಹ್ರಾ ದಾಟುವವರೆಗೆ ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ಎಣಿಸುತ್ತಲೇ ಇದ್ದೆ. ಡಾಂಬರು ಬಿಟ್ಟು ಗಾಲಿ ಮಣ್ಣಿಗೆ ತಾಗಿತು ನೋಡಿ, ಎಣಿಸುವುದನ್ನು ಬಿಟ್ಟೆ. ಎದುರಿಗೆ ದಿಣ್ಣೆ, ಬಲಗಡೆ ನನ್ನ ಕಲ್ಲಿನ ಏರು. ಈ ದಾರಿಯ ಒಂದೊಂದು ಕುಣಿಯೂ ನನಗೆ ಗೊತ್ತು ಎಂಬ ಸಂತೋಷ ಎಂಥದೆಂದು ಹೇಗೆ ಹೇಳಲಿ!

ಅರ್ಧ ಏರು ಹತ್ತಿರಬಹುದು. ಹಿಂದಿನ ಸೀಟಿನಿಂದ ಮಗಳು, "ಮಮ್ಮಿ, ವೇರ್ ಈಸ್ ಅಜ್ಜಾ ಗೋಯಿಂಗ್?" ಎಂದಳು. ಕಾಕಾನನ್ನು ಅವಳು ಅಜ್ಜಾ ಎನ್ನುತ್ತಿದ್ದಳು. ಕನ್ನಡಿಯಲ್ಲಿ ನೋಡಿದರೆ ನನ್ನ ಹಿಂದೆ ಕಾಕಾ ಗಾಡಿ ಇಲ್ಲ. ಕೆಳಗೆ ಬಯಲಿನ ಮೇಲೆ ಅದು ಒಂದೇ, ದಿಣ್ಣೆಯ ಕಡೆ ಸೀದಾ ಹೋಗುತ್ತಿತ್ತು. ನಾನು ಹಾರ್ನ್ ಒತ್ತಿದೆ. ಒತ್ತಿಯೇ ಹಿಡಿದೆ. ಗಾಡಿ ಇನ್ನಷ್ಟು ದೂರ ಹೋಗಿ, ಮೂತಿ ಬಗ್ಗಿಸಿ, ನಿಂತುಬಿಟ್ಟಿತು. ಹಿಂದಿನ ಗಾಲಿಗಳು ತಿರುಗಿ ತಿರುಗಿ ಕರಿ ರಾಡಿ ಎರಚಿದವು.

ಮೊದಲು ನನಗೆ ಬಂದದ್ದು ಗಾಬರಿಯಲ್ಲ, ಸಿಟ್ಟು. ಎಲ್ಲ ಮುಗಿಯಿತು, ಪಾರ್ಕು, ಸಿಮೆಂಟಿನ ಬೆಂಚು. ಒಂದು ಗಾಡಿ ಹೂತರೂ ಎಂದು ನಾನೇ ಹೇಳಿದ್ದೆನಲ್ಲ. ಉಳಿದ ನಾಲ್ಕು ಗಾಡಿ ನನ್ನ ಹಿಂದೆಯೇ ಕಲ್ಲಿನ ಮೇಲೆ ಭದ್ರವಾಗಿ ನಿಂತಿದ್ದವು. ಹೂತದ್ದು ಅದೊಂದೇ. ಎಲ್ಲರನ್ನೂ ಬಿಟ್ಟು ಅದೊಂದೇ ಹೂಳಬೇಕೇ!

ಗಾಡಿ ತಿರುಗಿಸಿ ಬಯಲಿನ ಅಂಚಿಗೆ, ಇನ್ನೂ ಕಲ್ಲು ಇರುವ ಕಡೆ ತಂದು ನಿಲ್ಲಿಸಿದೆ. ಅಷ್ಟರಲ್ಲಿ ಕಾಕು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ, ರಾಡಿಯಲ್ಲಿ ಪಚಪಚ ಎನ್ನುತ್ತ ನಡೆದು ಬರುತ್ತಿದ್ದರು. ಕಾಕಾ ಗಾಡಿಯ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು.

"ಒಡದಿತ್ತಲ್ಲವಾ," ಎಂದರು, ನಾವು ಹತ್ತಿರ ಹೋದಾಗ. "ಎರಿ ಒಡದಂಗ ಒಡದಿತ್ತು. ಗಾಲಿ ಗುರುತೂ ಇತ್ತು. ನಾ ಅನಕೊಂಡೆ ಕಲ್ಲಾಗೈತಿ ಅಂತ."

"ಬ್ಯಾಸಿಗ್ಯಾಗಿನ ಗುರುತದು, ಕಾಕಾ. ಇದು ಎರಿ ಅಲ್ಲ, ಉಪ್ಪು," ಎಂದು ನನ್ನ ಗಂಡ ಮೆತ್ತಗೆ ಹೇಳಿದರು. "ನನ್ನ ಒಂದು ಚಪ್ಪಲಿ ಇಲ್ಲೇ ಎಲ್ಲೋ ಐತಿ."

ಕಾಕು ತಿರುಗಿ ಕೂಗಿದರು: "ಆ ಹುಡುಗಿ ಹೇಳಿತ್ತು, ನಾನೂ ಹೇಳೀನಿ, ನಿಮ್ಮ ಕಿವ್ಯಾಗ ಹತ್ತಿ ತುಂಬ್ಯಾರೇನು?"

ಯಾರೂ ನಗಲಿಲ್ಲ. ನಗುವ ಧೈರ್ಯ ಇರಲಿಲ್ಲ.

ನಾನು ಹೇಳಿದ ಹಾಗೆ ಎಲ್ಲರೂ ಕೆಲಸಕ್ಕೆ ಹತ್ತಿದರು. ಕಾಕಾ ಗಾಡಿಯ ನಾಲ್ಕೂ ಗಾಲಿಗಳ ಗಾಳಿ ಇಳಿಸಿದರು. ಕೈಯಿಂದ ರಾಡಿ ಬಗೆದರು. ಹಗ್ಗ ಒಂದು ಸಾಲಲಿಲ್ಲ, ಇನ್ನೊಂದು ಗಾಡಿಯ ಹಗ್ಗ ಸೇರಿಸಿ ಕಟ್ಟಿದರು. ಗಾಲಿಯ ಕೆಳಗೆ ಹಾಕಲು ಹಲಗೆಯೇನೂ ಇರಲಿಲ್ಲ. ನಾನು ರಬ್ಬರಿನ ಮ್ಯಾಟುಗಳನ್ನು ಎಳೆಯುತ್ತಿದ್ದಾಗ ಕಾಕು ತಮ್ಮ ಹೊಸ ಜಮಖಾನವನ್ನು ತಂದು ಗಾಲಿಯ ಹಿಂದೆ ಹಾಸಿಯೇಬಿಟ್ಟರು. ಕೆಂಪು, ನೀಲಿ, ಹಳದಿ ಪಟ್ಟೆಗಳ ಮೇಲೆ ಕರಿ ರಾಡಿ ಹತ್ತಿದ್ದನ್ನು ನೋಡಿ ನನ್ನ ಕರುಳು ಚುರ್ ಎಂದಿತು. "ಒಗದ್ರ ಹೋಗತೈತಿ," ಎಂದರು. ಅದು ಹೋಗುವ ಬಣ್ಣವಲ್ಲ ಎಂದು ಅವರಿಗೂ ಗೊತ್ತಿತ್ತು.

"ಸ್ಟೇರಿಂಗ್ ನಾ ಹಿಡೀಲೇನು?" ಎಂದರು ನನ್ನ ಗಂಡ.

"ನೀವು ಹಗ್ಗ ನೋಡಕೋರಿ," ಎಂದೆ.

ಮೊದಲ ಎಳೆತಕ್ಕೆ ಹಗ್ಗದ ಗಂಟು ಜಾರಿತು. ಮತ್ತೆ ಬಿಗಿದರು. ಎರಡನೆಯ ಸಲ ನಾನು ಅವಸರ ಮಾಡಲಿಲ್ಲ. ಗೇರು ತಗ್ಗಿಸಿ, ಹಗ್ಗ ಬಿಗಿಯಾಗುವವರೆಗೆ ಮೆಲ್ಲಗೆ ಬಂದು, ಆಮೇಲೆ ಒಂದೇ ಸಮನೆ ಒತ್ತಿದೆ. ನನ್ನ ಗಾಲಿಗಳ ಕೆಳಗೆ ಕಲ್ಲು ಕರಕರ ಎಂದಿತು. ಅತ್ತ ಗಂಡಸರೆಲ್ಲ ಕಾಕಾ ಗಾಡಿಯ ಮೂತಿಗೆ ಕೈಕೊಟ್ಟು ಕೂಗಿ ದಬ್ಬುತ್ತಿದ್ದರು. ನಮ್ಮ ಹಳೆಯ ಗಾಡಿ ಒಮ್ಮೆ ನಡುಗಿತು, ಜಗ್ಗಿತು, ಕಾಕಾ ಅವರ ಹೊಸ ಗಾಡಿ ಹಿಮ್ಮುಖವಾಗಿ ಜಮಖಾನದ ಮೇಲೆ ಹತ್ತಿ ಹೊರಗೆ ಬಂತು. ಮಗಳು ಕಲ್ಲಿನ ಮೇಲೆ ನಿಂತು ಎರಡೂ ಕೈ ಎತ್ತಿ "ಬಂತು! ಬಂತು!" ಎಂದು ಕುಣಿದಳು. ಅವಳ ಬಾಯಿಂದ ತಾನಾಗಿ ಕನ್ನಡ ಬಂದದ್ದನ್ನು ಆ ಗಲಾಟೆಯಲ್ಲಿಯೂ ನಾನು ಕೇಳಿಸಿಕೊಂಡೆ.

ಮತ್ತೆ ಹೊರಡುವಾಗ ಕಾಕು ಗಂಡನ ಗಾಡಿ ಹತ್ತಲಿಲ್ಲ. ನನ್ನ ಗಾಡಿಯ ಮುಂದಿನ ಬಾಗಿಲು ತೆಗೆದು ನನ್ನ ಗಂಡನಿಗೆ, "ನೀ ಹಿಂದ ಕೂಡಪ್ಪಾ, ರೊಟ್ಟಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡು," ಎಂದು ತಾವು ಹತ್ತಿ ಕೂತರು. ಏರು ಹತ್ತುವಾಗ ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದು ಕುಲುಕಿಗೂ "ಅಯ್ಯ ನನ ಶಿವನ" ಎನ್ನುತ್ತ, ಕಣ್ಣು ಮಾತ್ರ ಮುಚ್ಚದೆ ದಾರಿ ನೋಡಿದರು.

ದಿಣ್ಣೆಯ ಬುಡದಲ್ಲಿ ನಾನು ಗೊತ್ತು ಮಾಡಿದ ಜಾಗಕ್ಕೆ ಬಂದು ಇಳಿದೆವು. ಹಿಂದೆ ಕಲ್ಲಿನ ಗೋಡೆ, ಗಾಳಿಗೆ ಮರೆ. ಕೆಳಗೆ ಆ ಬಿಳಿ ಬಯಲು, ಅದರಾಚೆ ನೀಲಿ ಕೊಲ್ಲಿ, ಇನ್ನೂ ಆಚೆ ಮಬ್ಬಿನಲ್ಲಿ ಸಿಟಿಯ ಗೋಪುರಗಳು. ಹೆಂಗಸರೆಲ್ಲ ಮಾತು ಬಿಟ್ಟು ನಿಂತು ನೋಡಿದರು. ಹತ್ತು ಹನ್ನೆರಡು ವರ್ಷದಿಂದ ಕುವೈತಿನಲ್ಲಿ ಇದ್ದವರು, ಕುವೈತನ್ನು ಎತ್ತರದಿಂದ ನೋಡಿದ್ದು ವಿಮಾನದಿಂದ ಮಾತ್ರ. ಈ ಜಾಗ ಹುಡುಕಿದವಳು ನಾನು ಎಂದು ನನಗೆ ಎದೆ ಉಬ್ಬಿತು.

ವಾರದ ಹಿಂದಿನ ಮಳೆಗೆ ಕಲ್ಲುಗಳ ಸಂದಿಯಲ್ಲಿ ಹಸಿರು ಎದ್ದಿತ್ತು, ಬೆರಳಿನಷ್ಟು ಉದ್ದ. ಐದು ಕಲ್ಲು ಆರಿಸಿ, ತೊಳೆದು, ಸುಣ್ಣ ಇಲ್ಲದ್ದಕ್ಕೆ ಅಕ್ಕಿಹಿಟ್ಟು ಬಳಿದು ಪಾಂಡವರೆಂದು ಪೂಜೆ ಮಾಡಿದೆವು. ಚರಗದ ಬುಟ್ಟಿಯನ್ನು ಕಾಕಾ ಎತ್ತಬೇಕು, ಪ್ರತಿ ವರ್ಷ ಅವರೇ ಚೆಲ್ಲುವುದು. ಬೆಳೆಯಿಲ್ಲದ ಮಡ್ಡಿ ಎಂದಿದ್ದವರು ಬಗ್ಗಿ ಆ ಹಸಿರನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಈಕಿನೂ ಬಸುರಿನ ಆಗ್ಯಾಳ," ಎಂದರು. ಮಕ್ಕಳೆಲ್ಲ ಹಿಂದೆ ಹಿಂದೆ ಕೂಗುತ್ತ ಹೋದರು, ಕಾಕಾ ಕಲ್ಲು ಕಲ್ಲಿಗೂ ಅನ್ನ ಚೆಲ್ಲಿದರು. ನಮ್ಮದಲ್ಲದ ನೆಲ. ನಮ್ಮ ಹೆಸರಿಗೆ ಅಲ್ಲಿ ಒಂದು ಗೇಣು ಜಾಗ ಆಗುವುದಿಲ್ಲ, ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದ ದಿನ ಹೊರಡಬೇಕಾದವರು ನಾವು. ಆದರೂ ನಮಗೆ ಊಟ ಹಾಕಿದ ನೆಲ. ಅದಕ್ಕೆ ಒಂದು ತುತ್ತು ನಾವೂ ಹಾಕಿದೆವು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಊಟಕ್ಕೆ ಕೂತೆವು. ಜಮಖಾನ ರಾಡಿಯಾದದ್ದರಿಂದ ಹಳೆಯ ಬೆಡ್‌ಶೀಟುಗಳ ಮೇಲೆ. ಹೋಳಿಗೆಗೆ ತುಪ್ಪ ಬಿತ್ತು, ಎಣಗಾಯಿ ಎರಡನೆಯ ಸಲ ಬಂತು, ಎಲ್ಲರೂ ಎಲ್ಲ ಮಾತಾಡಿದರು. ಹೂತ ಗಾಡಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತದೆ ಬಿಟ್ಟರೆ ನನಗೇ ಲಾಭ. ಮುಂದಿನ ವರ್ಷ ಯಾರಾದರೂ ಮರೆತಾರು, ಇಲ್ಲವೇ ಮರೆತಂತೆ ಮಾಡಿಯಾರು. ಆದರೆ ಹಾಗೆ ಸಿಕ್ಕ ಮುಂದಿನ ಸೀಟು ನನಗೆ ಬೇಕಾಗಿರಲಿಲ್ಲ. ಕರುಣೆಯಿಂದ ಬಿಟ್ಟುಕೊಟ್ಟ ಜಾಗದಲ್ಲಿ ಕೂರುವವಳಲ್ಲ ನಾನು.

"ಕಾಕಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಒಂದು ಗಾಡಿ ಹೂತೈತಿ. ನಾ ಮಾತು ಕೊಟ್ಟಿದ್ದೆ. ಮುಂದಿನ ವರ್ಷ ಪಾರ್ಕಿಗೆ ಹೋಗೂಣು."

ಎಲ್ಲರ ಕೈಯಲ್ಲಿದ್ದ ರೊಟ್ಟಿ ಅಲ್ಲಲ್ಲೇ ನಿಂತಿತು. ನನ್ನ ಗಂಡ ನನ್ನನ್ನೇ ನೋಡಿದರು, ಈ ಸಲ ಚಹಾದ ಕಪ್ಪೂ ಇರಲಿಲ್ಲ. ಕಾಕಾ ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿದರು. ಅವರ ಪ್ಯಾಂಟು ಮೊಣಕಾಲಿನವರೆಗೆ ಒಣಗಿದ ರಾಡಿ, ಅದರ ಮೇಲೆ ಉಪ್ಪು ಬಿಳಿಬಿಳಿ ಎದ್ದಿತ್ತು. ಒಂದು ಲೋಟ ನೀರು ಕುಡಿದರು. ಕಾಕು ಅವರ ಮುಖ ನೋಡುತ್ತಿದ್ದರು.

"ಹೂತದ್ದು ಖರೆ," ಎಂದರು. ಆಮೇಲೆ ತಲೆ ಎತ್ತಿ, ನನಗಲ್ಲ, ಅಲ್ಲಿದ್ದ ಗಂಡಸರಿಗೆ ಹೇಳಿದರು: "ಆದ್ರ ಆಕಿ ದಾರ್ಯಾಗ ಯಾವ ಗಾಡಿನೂ ಹೂತಿಲ್ಲ. ಹೂತದ್ದು ನನ್ನ ದಾರ್ಯಾಗ."

ಅಷ್ಟೇ. ಅವರು ಮೊಸರು ಕೇಳಿದರು. ನಾನು ಬಡಿಸಲು ಎದ್ದೆ, ಆದರೆ ಕಣ್ಣು ತುಂಬಿ ಡಬ್ಬಿ ಕಾಣಲಿಲ್ಲ. ಕಾಕು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಡಿಸಿದರು.

ಹೊತ್ತು ಇಳಿಯತೊಡಗಿತು. ನಾನು ಅಂದುಕೊಂಡ ಹಾಗೆಯೇ ಕಲ್ಲು ಕೆಂಪಾಯಿತು, ಬುಡದಿಂದ ನೆತ್ತಿಯವರೆಗೆ ಮೆಲ್ಲಗೆ. ಮಕ್ಕಳ ಮುಖ, ಖಾಲಿ ಬುಟ್ಟಿಗಳು, ನಮ್ಮ ಹಳೆಯ ಗಾಡಿಯ ಬಾನೆಟ್ಟು, ಎಲ್ಲ ಕೆಂಪು. ಬೆಳಕಿರುವಾಗಲೇ ಡಾಂಬರು ಸೇರಬೇಕು ಎಂದು ಎಲ್ಲರನ್ನೂ ಎಬ್ಬಿಸಿದೆ. ಕಾಕಾ ತಮ್ಮ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಬೇರೆಯವರನ್ನೆಲ್ಲ ಮುಂದೆ ಬಿಟ್ಟರು. "ನಾ ಎಲ್ಲಾರಕಿಂತ ಹಿಂದ ಬರತೀನಿ. ಯಾರರೇ ಆಕಿ ಗಾಲಿ ಗುರುತು ಬಿಟ್ರ ನನ್ನ ಹಾರ್ನ್ ಕೇಳಸತೈತಿ," ಎಂದು ಒಬ್ಬೊಬ್ಬರ ಕಿಟಕಿಗೂ ಹೋಗಿ, ಹಬ್ಬದ ಅಪ್ಪಣೆ ಕೊಡುವ ಅದೇ ದೊಡ್ಡ ದನಿಯಲ್ಲಿ ಹೇಳಿ ಬಂದರು.

ಇಳಿಜಾರಿನಲ್ಲಿ ನಾನು ಗಾಡಿ ನಿಧಾನವಾಗಿ ಬಿಟ್ಟೆ. ಬಲಕ್ಕೆ ಆ ಬಯಲು ಸಪಾಟಾಗಿ ಹೊಳೆಯುತ್ತಿತ್ತು, ನೇರ ಹೋದರೆ ರಸ್ತೆ ಅರ್ಧ ದಾರಿ. ನಾನು ಎಡಕ್ಕೆ, ಕಲ್ಲಿನ ಮೇಲೆ ತಿರುಗಿಸಿದೆ. ತಿರುಗಿಸಿ ಕನ್ನಡಿಯಲ್ಲಿ ನೋಡಿದೆ. ಒಂದು ಗಾಡಿ ತಿರುಗಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲಕ್ಕೂ ಹಿಂದೆ ರಾಡಿ ಮೆತ್ತಿದ ಆ ಹೊಸ ಗಾಡಿ ಬಂದು, ಒಂದು ಕ್ಷಣ ನಿಂತು, ನಾನು ತಿರುಗಿದಲ್ಲೇ ತಿರುಗಿತು.